‘ಉದ್ದೇಶ: ಬಿಸಿಲು’ – ಕಲಬುರಗಿ ಜಿಲ್ಲೆಯ ಒಂದು ಶಾಖಾ ಗ್ರಂಥಾಲಯದ ಪ್ರಕರಣ ಅಧ್ಯಯನ

ಕಲಬುರಗಿ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದ ಶಾಖಾ ಗ್ರಂಥಾಲಯಕ್ಕೆ ಕಳೆದ ಮಾರ್ಚ್ ತಿಂಗಳಲ್ಲಿ ಒಂದು ಟಿಪ್ಪಣಿ ಬಂದಿತು. ವಾಚನ ಕೊಠಡಿಯ ಅರ್ಧ ಭಾಗವನ್ನು ತೆರವು ಮಾಡಿ, ಅದೇ ಆವರಣದಲ್ಲಿರುವ ಕಚೇರಿಯೊಂದರ ಹಳೆಯ ಕಡತಗಳನ್ನು ಇಡಲು ಬಿಟ್ಟುಕೊಡಲು ಸಾಧ್ಯವೇ ಎಂಬುದನ್ನು ಪರಿಶೀಲಿಸಬೇಕು ಎಂಬುದು ಅದರ ಸಾರ. ಕೊಟ್ಟಿದ್ದ ಕಾರಣ ಒಂದೇ: ಎರವಲು ವಹಿಯ ಪ್ರಕಾರ ಮನೆಗೆ ಪುಸ್ತಕ ಒಯ್ಯುವವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ, ಆದ್ದರಿಂದ ಗ್ರಂಥಾಲಯಕ್ಕೆ ಅಷ್ಟು ಜಾಗದ ಅಗತ್ಯವಿಲ್ಲ. ಕಾಲೇಜೊಂದರಲ್ಲಿ ಗ್ರಂಥಪಾಲಕನಾಗಿದ್ದು ನಿವೃತ್ತನಾಗಿ ಅದೇ ಊರಿನಲ್ಲಿ ನೆಲೆಸಿರುವ ನನ್ನನ್ನು ಅಲ್ಲಿನ ಗ್ರಂಥಪಾಲಕರು ಕರೆದು, ಉತ್ತರ ಬರೆಯುವ ಮುಂಚೆ ವಹಿಗಳನ್ನೆಲ್ಲ ಒಮ್ಮೆ ನೋಡಿಕೊಡುವಂತೆ ಕೇಳಿಕೊಂಡರು. ಏಪ್ರಿಲ್ ಮೊದಲ ವಾರದಿಂದ ಜೂನ್ ಆರಂಭದವರೆಗೆ ದಿನಕ್ಕೆ ಕೆಲವು ಗಂಟೆ ಅಲ್ಲಿ ಕುಳಿತು ನಾನು ಕಂಡದ್ದನ್ನು ಇಲ್ಲಿ ದಾಖಲಿಸಿದ್ದೇನೆ. ಊರಿನ ಹೆಸರನ್ನೂ ಕಚೇರಿಯ ಹೆಸರನ್ನೂ ಬೇಕೆಂದೇ ಬಿಟ್ಟಿದ್ದೇನೆ.

ಕಟ್ಟಡ ಮತ್ತು ಅದರ ಬೀಗ

ಗ್ರಂಥಾಲಯ ಇರುವುದು ನಿಜಾಮರ ಕಾಲದ ಕಲ್ಲಿನ ಕಟ್ಟಡದಲ್ಲಿ. ಗೋಡೆ ದಪ್ಪ, ಮಾಡು ಎತ್ತರ, ನೆಲಕ್ಕೆ ಶಹಾಬಾದಿನ ಪರಸಿ. ಹೊರಗೆ 42 ಡಿಗ್ರಿ ದಾಟಿದ ದಿನವೂ ಆ ಪರಸಿಯ ಮೇಲೆ ಬರಿಗಾಲಿಟ್ಟರೆ ಅಂಗಾಲಿಗೆ ತಂಪು ಏರುತ್ತದೆ. ಎರಡು ಉದ್ದನೆಯ ಮೇಜು, 24 ಕುರ್ಚಿ, ಮೂರು ಪಂಖ ಇದ್ದು, ಪಂಖಗಳಲ್ಲಿ ಒಂದು ತಿರುಗುವುದಕ್ಕಿಂತ ಹೆಚ್ಚಾಗಿ ಸದ್ದು ಮಾಡುತ್ತದೆ. ಒಂದು ಮೂಲೆಯಲ್ಲಿ ನೀರಿನ ಮಡಕೆ. ಹಿಂದಿನ ಕೋಣೆಯಲ್ಲಿ ಪುಸ್ತಕಗಳ ಕಪಾಟುಗಳಿದ್ದು, ಎರಡು ಕೋಣೆಗಳ ನಡುವೆ ಕಬ್ಬಿಣದ ಜಾಲರಿ ಬಾಗಿಲಿದೆ. ಈ ಜಾಲರಿ ಬಾಗಿಲು ಮುಂದೆ ನಮ್ಮ ಕೆಲಸಕ್ಕೆ ಬಂತು.

ಆವರಣದ ಗೇಟು ಗ್ರಂಥಾಲಯಕ್ಕೂ ಕಚೇರಿಗೂ ಒಂದೇ, ಅದರ ಚಾವಿ ಇರುವುದು ಕಚೇರಿಯ ಜವಾನರ ಬಳಿ. ವರ್ಷದ ಹತ್ತು ತಿಂಗಳು ಇದರಿಂದ ಯಾರಿಗೂ ತೊಂದರೆ ಇರುವುದಿಲ್ಲ. ಆದರೆ ಕಲಬುರಗಿ ವಿಭಾಗದಲ್ಲಿ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಬಿಸಿಲಿನ ಕಾರಣಕ್ಕಾಗಿ ಸರ್ಕಾರಿ ಕಚೇರಿಗಳ ವೇಳೆಯನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುವುದು ರೂಢಿ. ಸಿಬ್ಬಂದಿ ಮನೆ ಸೇರಲು ಮಾಡಿದ ಈ ವ್ಯವಸ್ಥೆಯಲ್ಲಿ ತಪ್ಪೇನಿಲ್ಲ. ಆದರೆ 1.30ಕ್ಕೆ ಗೇಟಿಗೆ ಬೀಗ ಬಿದ್ದೊಡನೆ ಗ್ರಂಥಾಲಯವೂ ಮುಚ್ಚಿದಂತಾಗುತ್ತಿತ್ತು. ಊರಿನಲ್ಲಿ ತಂಪಾಗಿರುವ ಕೆಲವೇ ಸಾರ್ವಜನಿಕ ಜಾಗಗಳಲ್ಲಿ ಒಂದಾದ ಇದು, ಜನರಿಗೆ ತಂಪು ಅತ್ಯಂತ ಬೇಕಾದ ಗಳಿಗೆಯಲ್ಲೇ ಬಾಗಿಲು ಹಾಕಿಕೊಳ್ಳುತ್ತಿತ್ತು. ಎರಡು ತಿಂಗಳ ಎರವಲಿನ ಲೆಕ್ಕವೂ ಇದರಿಂದ ಕುಸಿಯುತ್ತಿತ್ತು ಎಂಬುದನ್ನು ಟಿಪ್ಪಣಿ ಬರೆದವರು ಗಮನಿಸಿರಲಿಲ್ಲ.

ವಹಿಗಳು ಹೇಳಿದ್ದು

ಎರವಲು ವಹಿ ಕೃಶವಾಗಿತ್ತು, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಬಾಗಿಲ ಬಳಿ ಸಣ್ಣ ಮೇಜಿನ ಮೇಲೆ ದಾರ ಕಟ್ಟಿದ ಪೆನ್ನಿನೊಡನೆ ಇಟ್ಟಿರುವ ಭೇಟಿ ವಹಿ ತುಂಬಿ ಹರಿಯುತ್ತಿತ್ತು. ಹೆಸರು, ಊರು, ಬಂದ ವೇಳೆ, ಹೋದ ವೇಳೆ, ಸಹಿ, ಮತ್ತು ಕೊನೆಯಲ್ಲಿ ‘ಉದ್ದೇಶ’ ಎಂಬ ಅಂಕಣ. ಈ ಕೊನೆಯ ಅಂಕಣವನ್ನು ಯಾರೂ ಎಂದೂ ಓದಿದಂತೆ ಕಾಣಲಿಲ್ಲ. ಬಹುತೇಕರು ‘ಓದು’ ಅಥವಾ ‘ಪೇಪರ್’ ಎಂದು ಬರೆದು ಕೆಳಗಿನವರು ಮೇಲಿನವರಂತೆಯೇ ಎಂಬ ಅರ್ಥದಲ್ಲಿ ಎರಡು ಗೆರೆ ಎಳೆದಿದ್ದರು. ಅವುಗಳ ನಡುವೆ ‘ಅರ್ಜಿ’, ‘ಎಸ್‌ಡಿಎ’, ‘ಚಾರ್ಜಿಂಗ್’, ‘ಬಸ್ ಇಲ್ಲ’ ಎಂಬವು ಸಿಕ್ಕವು. ಏಪ್ರಿಲ್‌ನ ಒಂದು ಪುಟದಲ್ಲಿ, ದೊಡ್ಡ ದೊಡ್ಡ ಅಕ್ಷರಗಳಲ್ಲಿ, ಪೆನ್ನು ಒತ್ತಿ ಬರೆದ ಒಂದು ಪದ ಇತ್ತು: ‘ಬಿಸಿಲು’.

ಬರೆದವರು ಬಸ್ ನಿಲ್ದಾಣದಲ್ಲಿ ಹಮಾಲಿ ಮಾಡುವವರು. ಮರುದಿನ ಬಂದಾಗ ಹಾಗೇಕೆ ಬರೆದಿರೆಂದು ಗ್ರಂಥಪಾಲಕರು ನಗುತ್ತಲೇ ಕೇಳಿದರು. “ಸುಳ್ಳ ಯಾಕ ಬರೀಬೇಕ್ರಿ ಸರ್, ಬಿಸಲಿಗಿ ಬಂದೀನಿ” ಎಂದು ಅವರು ಉತ್ತರಿಸಿ, ಗೋಡೆಯ ಬದಿಯ ಪರಸಿಯ ಮೇಲೆ ಕುಳಿತರು. ಕಚೇರಿಯವರೊಬ್ಬರಿಗೆ ಈ ನಮೂದನ್ನು ತೋರಿಸಿದಾಗ ಅವರು ಇದನ್ನೇ ತಮ್ಮ ವಾದಕ್ಕೆ ಸಾಕ್ಷಿ ಮಾಡಿಕೊಂಡು, ಇದು ಗ್ರಂಥಾಲಯವೋ ಧರ್ಮಛತ್ರವೋ ಎಂದು ಕೇಳಿದರು. ನನ್ನ ಅಭಿಪ್ರಾಯ ಬೇರೆ. ಇಡೀ ವಹಿಯಲ್ಲಿ ಅತ್ಯಂತ ಪ್ರಾಮಾಣಿಕವಾದ ನಮೂದು ಅದು. ಹಣ ಕೊಡದೆ, ಏನನ್ನೂ ಕೊಳ್ಳದೆ, ಯಾರ ಮನೆಯವನು ಎಂಬ ಪ್ರಶ್ನೆಗೆ ಉತ್ತರಿಸದೆ ಒಬ್ಬ ಮನುಷ್ಯ ಗೌರವದಿಂದ ಕುಳಿತುಕೊಳ್ಳಬಹುದಾದ ಜಾಗಗಳು ಗುಡಿ, ದರ್ಗಾ, ಬಸ್ ನಿಲ್ದಾಣಗಳನ್ನು ಬಿಟ್ಟರೆ ನಮ್ಮ ಊರುಗಳಲ್ಲಿ ಇನ್ನೆಷ್ಟಿವೆ? ಆ ಹಮಾಲರು ಮುಂದೆ ಪುಸ್ತಕ ಹಿಡಿದರು ಎಂದು ಬರೆದರೆ ಓದುವವರಿಗೆ ಹಿತವಾಗಬಹುದು, ಆದರೆ ನಾನು ನೋಡಿದಷ್ಟು ದಿನ ಅವರು ಹಿಡಿಯಲಿಲ್ಲ. ಕುಳಿತರು, ನೀರು ಕುಡಿದರು, ಕೆಲವೊಮ್ಮೆ ನಿದ್ದೆ ಹೋದರು. ನಿದ್ದೆಯಲ್ಲಿ ಗೊರಕೆ ಬಂದಾಗ ಪರೀಕ್ಷೆಗೆ ಓದುವ ಹುಡುಗರಿಂದ ದೂರು ಬಂತು, ಅದು ನ್ಯಾಯವಾದ ದೂರೇ ಆಗಿತ್ತು.

ಇಲ್ಲಿ ಕಾಯ್ದೆಯ ಒಂದು ಮಾತು ಹೇಳಬೇಕು. ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆ 1965ರದು. ಅದರ ಪ್ರಕಾರ ಸ್ಥಳೀಯ ಸಂಸ್ಥೆಗಳು ಆಸ್ತಿ ತೆರಿಗೆಯೊಡನೆ ಶೇ 6ರಷ್ಟು ಗ್ರಂಥಾಲಯ ಉಪಕರವನ್ನು ವಸೂಲಿ ಮಾಡುತ್ತವೆ. ಮನೆ ಇದ್ದವನು ನೇರವಾಗಿ ಕೊಡುತ್ತಾನೆ, ಬಾಡಿಗೆಗಿದ್ದವನು ಬಾಡಿಗೆಯೊಳಗೆ ಸೇರಿಸಿ ಕೊಡುತ್ತಾನೆ. ಹಾಗಾಗಿ ಗ್ರಂಥಾಲಯ ಪುಸ್ತಕ ಎರವಲು ಪಡೆಯುವವರಿಗೆ ಮಾತ್ರ ಸೇರಿದ್ದೆಂದು ಭಾವಿಸಲು ಲೆಕ್ಕಶಾಸ್ತ್ರದಲ್ಲೂ ಆಧಾರವಿಲ್ಲ. ‘ಹಿಂದುಳಿದ ಭಾಗ’ ಎಂಬ ಮಾತು ಕಿವಿಗೆ ಬಿದ್ದಾಗಲೆಲ್ಲ ನನಗೆ ಇನ್ನೊಂದು ಸಂಗತಿ ನೆನಪಾಗುತ್ತದೆ: 1956ರವರೆಗೆ ನಾವು ಸೇರಿದ್ದ ಹೈದರಾಬಾದ್ ರಾಜ್ಯ ತನ್ನ ಗ್ರಂಥಾಲಯ ಕಾಯ್ದೆಯನ್ನು 1955ರಲ್ಲೇ ಮಾಡಿಕೊಂಡಿತ್ತು, ಮೈಸೂರಿನವರಿಗಿಂತ ಹತ್ತು ವರ್ಷ ಮೊದಲು.

ಬರುವವರು ಯಾರು

ಬೆಳಿಗ್ಗೆ ಎಂಟಕ್ಕೆ ಎಲ್ಲರಿಗಿಂತ ಮೊದಲು ಬರುವವರು ಹಿರಿಯರು. ಕನ್ನಡ ಪತ್ರಿಕೆಗಳ ಜೊತೆಗೆ ಹೈದರಾಬಾದಿನಿಂದ ಬರುವ ಒಂದು ಉರ್ದು ಪತ್ರಿಕೆಗೂ ಇಲ್ಲಿ ಕಾಯುವವರಿದ್ದಾರೆ. ಪತ್ರಿಕೆಯನ್ನು ಹಾಳೆ ಹಾಳೆಯಾಗಿ ಬಿಡಿಸಿ ಹಂಚಿಕೊಳ್ಳುವ ಕ್ರಮ ಎಷ್ಟು ಪಳಗಿದೆಯೆಂದರೆ ಮಾತೇ ಬೇಕಾಗುವುದಿಲ್ಲ. ಇವರಲ್ಲಿ ಒಬ್ಬ ಮುತ್ಯಾಗೆ ಓದಲು ಬರುವುದಿಲ್ಲ. ಅವರು ಬರುವುದು ಮಾರುಕಟ್ಟೆ ಧಾರಣೆಯ ಅಂಕಣಕ್ಕಾಗಿ. ರಾಶಿ ಮುಗಿದು ತಿಂಗಳುಗಳಾದರೂ ಒಳ್ಳೆಯ ದರ ಬರಲೆಂದು ತೊಗರಿಯ ಕೆಲವು ಚೀಲಗಳನ್ನು ಮನೆಯಲ್ಲೇ ಉಳಿಸಿಕೊಂಡವರಲ್ಲಿ ಅವರೂ ಒಬ್ಬರು. “ಧಾರಣಿ ಏನದ ನೋಡ್ರಿ ಮಾಸ್ತರ್, ಮಾರ್ಲೋ ಬ್ಯಾಡೋ?” ಎಂದು ಅವರು ನಿವೃತ್ತ ಶಿಕ್ಷಕರೊಬ್ಬರನ್ನು ಕೇಳುತ್ತಾರೆ, ಶಿಕ್ಷಕರು ಕಲಬುರಗಿ ಎಪಿಎಂಸಿಯ ದರವನ್ನು ಗಟ್ಟಿಯಾಗಿ ಓದುತ್ತಾರೆ, ಗೋಡೆಯ ಮೇಲೆ ‘ನಿಶ್ಶಬ್ದ’ ಎಂಬ ಫಲಕ ಇರುತ್ತದೆ. ಅಕ್ಷರ ಬಾರದವರಿಗೆ ಗ್ರಂಥಾಲಯ ಬಳಕೆಗೆ ಬರುವುದು ಮತ್ತೊಬ್ಬರ ಧ್ವನಿಯ ಮೂಲಕವೇ, ಆದ್ದರಿಂದ ಆ ಫಲಕವನ್ನು ಎಲ್ಲ ವೇಳೆಗೂ ಎಲ್ಲ ಮೂಲೆಗೂ ಅನ್ವಯಿಸುವುದು ಸರಿಯಲ್ಲವೆಂದು ನನಗೆ ಅಲ್ಲಿ ಕುಳಿತ ಮೂರನೆಯ ದಿನವೇ ಅನ್ನಿಸಿತು.

ಹತ್ತು ಗಂಟೆಯ ಹೊತ್ತಿಗೆ ಕುರ್ಚಿಗಳೆಲ್ಲ ಸ್ಪರ್ಧಾತ್ಮಕ ಪರೀಕ್ಷೆಯವರ ಪಾಲಾಗುತ್ತವೆ. ಎಸ್‌ಡಿಎ, ಎಫ್‌ಡಿಎ, ಪಿಡಿಒ, ಪಿಎಸ್‌ಐ, ಶಿಕ್ಷಕರ ನೇಮಕಾತಿ ಹೀಗೆ ಅವರ ಗುರಿಗಳು. ಸಂವಿಧಾನದ 371(ಜೆ) ವಿಧಿ ಬಂದ ಮೇಲೆ ಈ ಭಾಗದ ಸ್ಥಳೀಯ ವೃಂದದ ‘ಸಿ’ ದರ್ಜೆಯ ಹುದ್ದೆಗಳಲ್ಲಿ ಶೇ 80ರಷ್ಟು ಸ್ಥಳೀಯರಿಗೆ ಮೀಸಲಾಗಿರುವುದರಿಂದ, ಮೊದಲು ಬೆಂಗಳೂರಿನವರ ಆಟವೆಂದು ಕೈಬಿಟ್ಟಿದ್ದ ಪರೀಕ್ಷೆಗಳನ್ನು ಈಗ ಹಳ್ಳಿಯ ಹುಡುಗ ಹುಡುಗಿಯರೂ ತಮ್ಮದೆಂದು ಓದುತ್ತಾರೆ. ಇವರು ತಮ್ಮ ಪುಸ್ತಕಗಳನ್ನು ತಾವೇ ತರುತ್ತಾರೆ. ಅವರಿಗೆ ಬೇಕಾದದ್ದು ಕುರ್ಚಿ, ಬೆಳಕು, ಫೋನಿಗೆ ಕರೆಂಟಿನ ಪಾಯಿಂಟು, ಹಳೆಯ ಪ್ರಶ್ನೆಪತ್ರಿಕೆಗಳ ಕಟ್ಟು, ಮತ್ತು ಎಲ್ಲಕ್ಕಿಂತ ಮಿಗಿಲಾಗಿ ತಮ್ಮಂತೆಯೇ ಓದುತ್ತಿರುವ ಇನ್ನೊಬ್ಬರು. ಒಂದೇ ಕೋಣೆಯ ಮನೆಯಲ್ಲಿ ಟಿವಿಯ ಪಕ್ಕ ಓದಬೇಕಾದವರಿಗೆ ಇದರ ಬೆಲೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಎರವಲು ವಹಿಯಲ್ಲಿ ಮಾತ್ರ ಇವರು ಯಾರೂ ಇಲ್ಲ. ಇಡೀ ದಿನ ಗ್ರಂಥಾಲಯವನ್ನು ಬಳಸಿದವರು ಲೆಕ್ಕದಲ್ಲಿ ಸೊನ್ನೆಯಾಗುತ್ತಾರೆ.

ಇವರಲ್ಲಿ ಹುಡುಗಿಯರು ಹನ್ನೊಂದೂವರೆಯ ನಂತರ ಒಬ್ಬೊಬ್ಬರಾಗಿ ಎದ್ದು ಹೋಗುವುದನ್ನು ನೋಡಿ, ಮನೆಗೆಲಸ ಇರಬಹುದೆಂದು ನಾನು ಮೊದಲು ಊಹಿಸಿದ್ದೆ. ಊಹೆ ತಪ್ಪಾಗಿತ್ತು. ಆವರಣದ ಹೆಂಗಸರ ಶೌಚಾಲಯಕ್ಕೆ ಬೀಗವಿತ್ತು, ಅದರ ಚಾವಿಯೂ ಗೇಟಿನ ಚಾವಿಯ ಗೊಂಚಲಲ್ಲೇ ಇತ್ತು. ಪ್ರತಿ ಸಲವೂ ಕಚೇರಿಯ ವರಾಂಡದಲ್ಲಿ ಕುಳಿತ ಗಂಡಸರ ಮುಂದೆ ಹಾದು “ಅಣ್ಣಾ, ಚಾವಿ ಕೊಡ್ರಿ” ಎಂದು ಕೇಳಬೇಕಾಗಿತ್ತು. ಕೆಲವರು ಬೆಳಿಗ್ಗೆಯಿಂದ ನೀರನ್ನೇ ಕುಡಿಯುತ್ತಿರಲಿಲ್ಲ, ಕಲಬುರಗಿಯ ಏಪ್ರಿಲ್‌ನಲ್ಲಿ. ಪುಸ್ತಕಗಳ ಸಂಖ್ಯೆ, ಸದಸ್ಯರ ಸಂಖ್ಯೆ, ಅನುದಾನದ ಮೊತ್ತ ಕೇಳುವ ಯಾವ ನಮೂನೆಯಲ್ಲೂ ಈ ಚಾವಿ ಯಾರ ಬಳಿ ಇದೆ ಎಂಬ ಪ್ರಶ್ನೆ ಇರುವುದಿಲ್ಲ.

‘ಅರ್ಜಿ’ ಎಂದು ಬರೆದವರ ಬಗ್ಗೆ ಸಂಕ್ಷೇಪವಾಗಿ ಹೇಳಿದರೆ ಸಾಕು. ವಿದ್ಯಾರ್ಥಿವೇತನ, ಸೇವಾ ಸಿಂಧು, ಪಹಣಿ ಎಂದು ಫೋನು ಹಿಡಿದು ಬರುವವರಿಗೆ ಯಾವ ದಾಖಲೆ ಬೇಕು, ಯಾವ ಪೆಟ್ಟಿಗೆಯಲ್ಲಿ ಏನು ತುಂಬಬೇಕು ಎಂದು ಗ್ರಂಥಪಾಲಕರು ಹೇಳಿಕೊಡುತ್ತಾರೆ. ಓದುಗನ ಸಮಯ ಉಳಿಸು ಎಂಬ, ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್ ಅವರ ನಾಲ್ಕನೆಯ ಸೂತ್ರವನ್ನು ತರಗತಿಯಲ್ಲಿ ವರ್ಷಗಟ್ಟಲೆ ಪಾಠ ಮಾಡಿದ ನಾನು, ಅದರ ಆಚರಣೆಯನ್ನು ಇಷ್ಟು ಹತ್ತಿರದಿಂದ ನೋಡಿದ್ದು ಇಲ್ಲಿಯೇ.

ಮೇ ಕೊನೆಯ ವಾರದಲ್ಲಿ ಇನ್ನೊಂದು ಬಗೆಯ ಓದುಗರು ಕಾಣಿಸಿಕೊಂಡರು. ಮುಂಗಾರಿಗೆ ಮುನ್ನ ಮುಂಬೈ, ಪುಣೆಗಳಿಂದ ಮರಳುವ ಗುಳೆ ಕುಟುಂಬಗಳ ಮಕ್ಕಳು ಅವರು. ಅವರಲ್ಲಿ ಒಬ್ಬಳು, ಹತ್ತು ವರ್ಷ ಇರಬಹುದು, ಕನ್ನಡದ ಮಕ್ಕಳ ಪುಸ್ತಕವನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ಮೊದಲ ಪುಟದಲ್ಲೇ ಇದ್ದಳು. ಗ್ರಂಥಪಾಲಕರು ಏನನ್ನೂ ಕೇಳದೆ ಎದ್ದು ಹೋಗಿ, 894.814 ಎಂಬ ವರ್ಗಾಂಕದ (ಪುಸ್ತಕದ ವಿಷಯ, ಭಾಷೆ ಸೂಚಿಸುವ ಸಂಖ್ಯೆ) ಚೀಟಿಯ ಕನ್ನಡದ ಸಾಲು ದಾಟಿ, 891.46 ಎಂಬ ಮರಾಠಿಯ ಸಣ್ಣ ಸಾಲಿನಿಂದ ಒಂದು ಕಥೆಯ ಪುಸ್ತಕ ತಂದು ಅವಳ ಮುಂದಿಟ್ಟರು. ಅವಳು ಸರಸರನೆ ಓದತೊಡಗಿದಳು. ಎರಡು ದಿನ ಕಳೆದ ಮೇಲೆ ಎರಡೂ ಪುಸ್ತಕಗಳನ್ನು ಅಕ್ಕಪಕ್ಕ ತೆರೆದಿಟ್ಟುಕೊಂಡು ಕುಳಿತಿದ್ದಳು. ಶಾಲೆಯಲ್ಲಿ ಅವಳನ್ನು ಕನ್ನಡ ಬಾರದ ಮಗು ಎಂದು ಬರೆದುಕೊಳ್ಳಬಹುದು, ಇಲ್ಲಿ ಅವಳು ಎರಡು ಭಾಷೆ ಇರುವ ಮಗು.

ಎರವಲು ಏಕೆ ಇಳಿಯಿತು

ಟಿಪ್ಪಣಿಯ ಮೂಲ ಪ್ರಶ್ನೆಯನ್ನು ತಪ್ಪಿಸಿಕೊಳ್ಳುವುದು ನನ್ನ ಉದ್ದೇಶವಲ್ಲ. ಎರವಲು ಇಳಿದಿರುವುದಕ್ಕೆ ಫೋನನ್ನು ದೂರುವುದು ಸುಲಭ, ಅದರಲ್ಲಿ ಸ್ವಲ್ಪ ಸತ್ಯವೂ ಇದೆ. ಆದರೆ ಕಾರಣಗಳಲ್ಲಿ ಎರಡು ಗ್ರಂಥಾಲಯದ ಒಳಗೇ ಇದ್ದವು. ಒಂದನೆಯದು, ಸದಸ್ಯತ್ವದ ಅರ್ಜಿಯ ಕೆಳಗಿರುವ ಜಾಮೀನುದಾರರ ಸಹಿ. ಊರಿನಲ್ಲಿ ಬೇರು ಇರುವವರಿಗೆ ಅದು ಒಂದು ನಿಮಿಷದ ಕೆಲಸ, ಬಾಡಿಗೆ ಮನೆಯ ಹುಡುಗನಿಗೆ, ಗುಳೆಯಿಂದ ಬಂದವರಿಗೆ ಅದು ದಾಟಲಾಗದ ಹಳ್ಳ. ಠೇವಣಿಯ ಹಣವನ್ನು ಹೇಗೋ ಹೊಂದಿಸಿಕೊಂಡು ಬಂದವರು ಸಹಿಗಾಗಿ ಅರ್ಜಿ ಒಯ್ದು ಮತ್ತೆ ಬರಲಿಲ್ಲ. ಪಕ್ಕದ ಹಳ್ಳಿಯ ಸ್ಥಿತಿ ಇದಕ್ಕಿಂತ ಉತ್ತಮ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಯ ಕೆಳಗೆ ಬಂದ ನಂತರ, 2020ರಲ್ಲಿ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಡಲಾಯಿತು.

ಎರಡನೆಯ ಕಾರಣ ಮೆಟ್ಟಿಲ ಕೆಳಗಿತ್ತು. ಸುತಳಿ ಕಟ್ಟಿದ ಪುಸ್ತಕದ ಕಟ್ಟುಗಳು, ಬಂದ ಹಾಗೆಯೇ, ಮೇಲೆ ಬಿಳಿ ಧೂಳು ಹೊದ್ದು ಕುಳಿತಿದ್ದವು. ಹೊಸದಾಗಿ ಬಂದ ಪುಸ್ತಕಗಳನ್ನು ದಾಖಲಿಸುವ ಪರಿಗ್ರಹಣ ವಹಿಯಲ್ಲಿ ನಮೂದಿಸಿ, ವರ್ಗಾಂಕ ಕೊಟ್ಟು, ಮುದ್ರೆ ಹಾಕಿ, ಬೆನ್ನಿಗೆ ಚೀಟಿ ಅಂಟಿಸದೆ ಪುಸ್ತಕ ಕಪಾಟಿಗೆ ಏರುವಂತಿಲ್ಲ, ಮತ್ತು ಇರುವ ಒಬ್ಬ ಗ್ರಂಥಪಾಲಕರು ಬಾಗಿಲು ತೆರೆಯುವುದರಿಂದ ಹಿಡಿದು ಮಡಕೆ ತುಂಬುವವರೆಗೆ ಎಲ್ಲವನ್ನೂ ಮಾಡುತ್ತಾರೆ. ನಮ್ಮ ಭಾಗದ ಗ್ರಂಥಾಲಯ ಸಮಾರಂಭಗಳಲ್ಲಿ ಬೀದರಿನ ಮಹಮೂದ್ ಗಾವಾನ್ ಮದರಸಾದಲ್ಲಿ 15ನೆಯ ಶತಮಾನದಲ್ಲೇ 3000 ಹಸ್ತಪ್ರತಿಗಳಿದ್ದವಂತೆ ಎಂಬ ಮಾತು ಬಾರದ ಭಾಷಣವಿಲ್ಲ. ಆ ಹೆಮ್ಮೆ ನನಗೂ ಇದೆ. ಆದರೆ ಆ ಕಟ್ಟುಗಳನ್ನು ನೋಡಿದ ದಿನ, ಭಾಷಣಕಾರರಲ್ಲಿ ಇಬ್ಬರಾದರೂ ಒಂದು ಮಧ್ಯಾಹ್ನ ಬಂದು ಸುತಳಿ ಬಿಚ್ಚಿಕೊಟ್ಟಿದ್ದರೆ ಎಂದು ಅನ್ನಿಸಿತು.

ಏನು ಮಾಡಿದೆವು

ಏಪ್ರಿಲ್ ಮೂರನೆಯ ವಾರದಲ್ಲಿ ಓದುಗರ ಸಣ್ಣ ಸಭೆ ನಡೆಯಿತು. ಮಧ್ಯಾಹ್ನವೂ ತೆರೆದಿಡಬೇಕೆಂಬುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿರಲಿಲ್ಲ, ತೆರೆದಿಡುವವರು ಯಾರು ಎಂಬುದೇ ಪ್ರಶ್ನೆಯಾಗಿತ್ತು. ನಿವೃತ್ತ ಶಿಕ್ಷಕರೂ ಪರೀಕ್ಷೆಗೆ ಓದುವ ನಾಲ್ವರೂ ಸರದಿಯಂತೆ ಕುಳಿತುಕೊಳ್ಳಲು ಒಪ್ಪಿದರು. ಗ್ರಂಥಪಾಲಕರು ಹಿಂಜರಿದರು. ಕಳೆದ ಪುಸ್ತಕಕ್ಕೆ ಲೆಕ್ಕ ಕೊಡಬೇಕಾದವರು ಅವರೇ ಆದ್ದರಿಂದ ಆ ಹಿಂಜರಿಕೆಯನ್ನು ಅಸಹಕಾರವೆಂದು ಕರೆಯಲು ನಾನು ಸಿದ್ಧನಿರಲಿಲ್ಲ. ಕೊನೆಗೆ ದಾರಿ ತೋರಿಸಿದ್ದು ಆ ಜಾಲರಿ ಬಾಗಿಲು. ಮಧ್ಯಾಹ್ನ 1.30ಕ್ಕೆ ಪುಸ್ತಕದ ಕೋಣೆಗೆ ಬೀಗ ಹಾಕುವುದು, ವಾಚನ ಕೊಠಡಿಯನ್ನು ಮಾತ್ರ ಸಂಜೆ 5ರವರೆಗೆ ತೆರೆದಿಡುವುದು, ಗೇಟಿನ ಮತ್ತು ಶೌಚಾಲಯದ ಎರಡನೆಯ ಚಾವಿಗಳನ್ನು ಮಾಡಿಸಿಕೊಳ್ಳಲು ಕಚೇರಿಯಿಂದ ಲಿಖಿತ ಅನುಮತಿ ಪಡೆಯುವುದು ಎಂದು ನಿರ್ಧಾರವಾಯಿತು. ಅನುಮತಿಗಾಗಿ ನಾಲ್ಕು ಸಲ ಓಡಾಡಬೇಕಾಯಿತು. ಐದನೆಯ ಸಲ ಸಿಕ್ಕಿದ ಪತ್ರದಲ್ಲಿ ಗೇಟಿನ ಚಾವಿ ಮಾತ್ರ ಇತ್ತು.

ಜೊತೆಗೆ ಒಂದು ಹೊಸ ಲೆಕ್ಕ ಆರಂಭಿಸಿದೆವು. ಪ್ರತಿ ಗಂಟೆಗೊಮ್ಮೆ ಕೋಣೆಯಲ್ಲಿ ಇರುವವರ ತಲೆ ಎಣಿಸಿ, ಯಾವ ಮೇಜು, ಏನು ಮಾಡುತ್ತಿದ್ದಾರೆ ಎಂಬುದನ್ನು ಒಂದು ಗೆರೆಯಲ್ಲಿ ಬರೆಯುವುದು. ಕೆಲಸ ಬೇಸರದ್ದು, ಆದರೆ ಟಿಪ್ಪಣಿಗೆ ಉತ್ತರವಾಗಿ ಇಡಲು ಇದಕ್ಕಿಂತ ಒಳ್ಳೆಯ ಕಾಗದ ಇರಲಿಲ್ಲ. ಮೇ ಎರಡನೆಯ ವಾರದ ಹೊತ್ತಿಗೆ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ 24 ಕುರ್ಚಿಗಳೂ ತುಂಬಿ, ಉಳಿದವರು ಗೋಡೆಗೆ ಬೆನ್ನು ಕೊಟ್ಟು ಪರಸಿಯ ಮೇಲೆ ಕುಳಿತಿರುವುದು ಆ ಹಾಳೆಗಳಲ್ಲಿ ದಿನ ಬಿಟ್ಟು ದಿನ ದಾಖಲಾಗಿದೆ. ಗಟ್ಟಿಯಾಗಿ ಓದುವವರಿಗೆ ಬೆಳಗಿನ ಹೊತ್ತು ಹೊರಗೆ ಬೇವಿನ ಮರದ ಕಟ್ಟೆಯನ್ನು ಬಿಟ್ಟುಕೊಟ್ಟು, ‘ನಿಶ್ಶಬ್ದ’ ಫಲಕವನ್ನು ಎರಡನೆಯ ಮೇಜಿನ ಮೇಲಕ್ಕೆ ಸರಿಸಿದೆವು. ಮಲಗುವವರಿಗೆ ಬಾಗಿಲ ಬದಿಯ ಮೂಲೆ. ಗೊರಕೆಯ ಸಮಸ್ಯೆ ಪೂರ್ತಿ ಬಗೆಹರಿಯಲಿಲ್ಲ.

ಮೆಟ್ಟಿಲ ಕೆಳಗಿನ ಕಟ್ಟುಗಳನ್ನು ಮಧ್ಯಾಹ್ನದ ಪಾಳಿಯವರು ಬಿಚ್ಚಿದರು. ಬಿಚ್ಚಿದ್ದು, ಒರೆಸಿದ್ದು, ಮುದ್ರೆ ಹಾಕಿದ್ದು ಅವರು, ಪರಿಗ್ರಹಣ ವಹಿ ಬರೆದದ್ದು ಗ್ರಂಥಪಾಲಕರು, ವರ್ಗಾಂಕ ಕೊಟ್ಟದ್ದು ನಾನು. ಪರೀಕ್ಷೆಗೆ ಓದುತ್ತಿದ್ದ ಒಬ್ಬ ಹುಡುಗ ಒಂದು ಕಥಾ ಸಂಕಲನಕ್ಕೆ ಚೀಟಿ ಅಂಟಿಸುತ್ತಾ ಅಂಟಿಸುತ್ತಾ ಅದನ್ನು ಅರ್ಧ ಓದಿ ಮುಗಿಸಿ, ಅಂದಿನ ಪಾಳಿಯ ಕೆಲಸವನ್ನು ಅಲ್ಲಿಗೇ ಕೆಡಿಸಿದ. ಜೂನ್ ಹೊತ್ತಿಗೆ ಸುಮಾರು ಅರ್ಧದಷ್ಟು ಕಟ್ಟುಗಳು ಕಪಾಟು ಸೇರಿದ್ದವು. ಉರ್ದು ಕಪಾಟಿಗೆ ಹೊಸದಾಗಿ ಏನೂ ಸೇರಲಿಲ್ಲ, ಬಂದ ಕಟ್ಟುಗಳಲ್ಲಿ ಉರ್ದು ಪುಸ್ತಕಗಳೇ ಇರಲಿಲ್ಲ.

ಇಂದಿನ ಸ್ಥಿತಿ

ಕಡತಗಳ ಪ್ರಸ್ತಾವವನ್ನು ಕೈಬಿಟ್ಟಿದ್ದೇವೆಂದು ಯಾರೂ ಬರೆದುಕೊಟ್ಟಿಲ್ಲ. ಗಂಟೆಯ ಲೆಕ್ಕದ ಹಾಳೆಗಳನ್ನು ಲಗತ್ತಿಸಿ ಉತ್ತರ ಕಳಿಸಿದ ನಂತರ ಆ ವಿಷಯ ಮತ್ತೆ ಬಂದಿಲ್ಲ, ಅಷ್ಟೇ. ಜಾಮೀನು ಸಹಿಯ ನಿಯಮ ಊರಿನ ಮಟ್ಟದಲ್ಲಿ ಬದಲಾಗುವಂಥದಲ್ಲ, ಅದರ ಬಗ್ಗೆ ಮೇಲಕ್ಕೆ ಬರೆದ ಪತ್ರಕ್ಕೆ ಉತ್ತರ ಬರಬೇಕಿದೆ. ಶೌಚಾಲಯದ ಎರಡನೆಯ ಚಾವಿ ಜೂನ್ ಮೊದಲ ವಾರ ಕೈಗೆ ಬಂತು. ಅದು ಈಗ ಬಾಗಿಲ ಬಳಿಯ ಮೊಳೆಗೆ ತೂಗುತ್ತದೆ, ಯಾರನ್ನೂ ಕೇಳಬೇಕಾಗಿಲ್ಲ.

ಗೇಟಿನ ಚಾವಿಯ ಅನುಮತಿ ಪತ್ರದ ಅವಧಿ ಮೇ 31ಕ್ಕೆ ಮುಗಿಯಿತು. ಕಚೇರಿ ಹಳೆಯ ವೇಳೆಗೆ ಮರಳಿರುವುದರಿಂದ ಮಾರ್ಚ್‌ವರೆಗೆ ಅದರ ಅಗತ್ಯವೂ ಬೀಳದು. ಮುಂದಿನ ಬೇಸಿಗೆಗೆ ಮತ್ತೆ ಹೊಸದಾಗಿ ಕೇಳಬೇಕು. ಆ ಅರ್ಜಿಯ ಕರಡನ್ನು ಗ್ರಂಥಪಾಲಕರು ಈಗಲೇ ಬರೆದು, ದಿನಾಂಕದ ಜಾಗವನ್ನು ಖಾಲಿ ಬಿಟ್ಟು, ಭೇಟಿ ವಹಿಯಲ್ಲಿ ಆ ಏಪ್ರಿಲ್ ಪುಟದ ನಡುವೆ ಇಟ್ಟಿದ್ದಾರೆ.